ಮಗಳಿಗೊಂದು ಪತ್ರ: ಲಾಂಚು ಕಾಯುತ್ತಿದ್ದ ಹೊತ್ತು

ತುಮರಿ, ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ಸೇತುವೆ ದಾಟುವ ವಾಹನ ಎಣಿಸಲು ನೀನು ಒಪ್ಪಿಸಿದ ಕೆಲಸ ಮಾಡಿದೆ. ಬೆಳಿಗ್ಗೆ ಎಂಟಕ್ಕೇ ಕಳಸವಳ್ಳಿಗೆ ಹೋಗಿ, ಶರಾವತಿ ಹಿನ್ನೀರಿನ ಹೊಸ ಸೇತುವೆ ನಮ್ಮ ಕಡೆ ಇಳಿಯುವಲ್ಲಿ ಪರಿಚಯದ ಅಂಗಡಿಯ ಬೆಂಚಿನ ಮೇಲೆ, ಅಡಿಕೆ ಲೆಕ್ಕದ ಹಳೆಯ ಪುಸ್ತಕವನ್ನು ಹಿಂದುಮುಂದಾಗಿ ತೆರೆದು ಕುಳಿತೆ. ಕಾರಿಗೊಂದು ಗೀಟು, ಟೆಂಪೊಗೊಂದು ಸೊನ್ನೆ, ಬಸ್ಸಿಗೊಂದು ಚೌಕ. ಹತ್ತೂವರೆಯೊಳಗೆ ಗೀಟಿನ ಮೇಲೆ ಗೀಟು ಬಿದ್ದು ಪುಟವೆಲ್ಲ ಚಾಪೆಯ ನೇಯ್ಗೆಯಂತಾಯಿತು. "ಏನು ಮಾರಾಯರೇ, ಟೋಲ್ ಹಾಕುತ್ತಾರೆಯೇ?" ಎಂದ ಅಂಗಡಿಯವ. ಮಗಳ ಓದಿಗೆ ಎಂದೆ. "ತಿರುಗಾಡುವವರನ್ನು ಎಣಿಸುವುದಕ್ಕೂ ಒಂದು ಡಿಗ್ರಿಯೇ!" ಎಂದು ನಕ್ಕ. ನಾನು ನಗಲಿಲ್ಲ. ನೀನು ಪ್ರವಾಸ, ಉದ್ಯಾನಗಳ ಆ ವಿಭಾಗಕ್ಕೆ ಅರ್ಜಿ ಹಾಕಿದ ದಿನ ನಾನು ಆಡಿದ್ದೂ ಇದೇ ಮಾತು, ಅದೂ ಇದಕ್ಕಿಂತ ಗಟ್ಟಿ ದನಿಯಲ್ಲಿ. ಬಿ.ಎಡ್. ಮಾಡು ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ.

ಕಳೆದ ರಜೆಯಲ್ಲಿ ಜಗಲಿಯ ಮೇಲೆ ಅಡಿಕೆ ಸುಲಿಯುತ್ತಾ ನೀನು ಧಾರಣಾ ಸಾಮರ್ಥ್ಯದ ಪಾಠ ಹೇಳಿದೆ. ಒಂದು ಜಾಗ ಎಷ್ಟು ಜನರನ್ನು ತಾಳಿಕೊಂಡೀತು ಎಂಬ ಲೆಕ್ಕ. ಇದರಲ್ಲೇನಿದೆ, ಹುಲ್ಲು ಬೆಳೆಯುವ ಒಂದು ಬೇಣಕ್ಕೆ ಎಷ್ಟು ದನ ಎಂದು ನನ್ನ ಅಜ್ಜನಿಗೂ ಗೊತ್ತಿತ್ತು ಎಂದು ನಾನು ಜಂಬ ಕೊಚ್ಚಿದೆ. ಆಗ ನೀನು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. 1985ರಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಸಂಶೋಧಕರು ಆ ಪ್ರಶ್ನೆಯನ್ನೇ ತಿರುಗಿಸಿದರಂತೆ. ಎಷ್ಟು ಜನ ಎಂದು ಮೊದಲೇ ಕೇಳಬೇಡಿ, ಈ ಜಾಗದಲ್ಲಿ ಎಷ್ಟು ಬದಲಾವಣೆಯನ್ನು ನೀವು ಒಪ್ಪುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ ಎಂದರಂತೆ. ದನದ ಲೆಕ್ಕ ಗೊತ್ತಿದ್ದ ನನ್ನ ಅಜ್ಜನನ್ನು ಆ ಪ್ರಶ್ನೆ ಯಾರೂ ಕೇಳಲಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಾಯಿತು, ಬೇಣವೂ ಮನೆಯೂ ನೀರಿನಡಿಗೆ ಹೋದವು. ಹಿನ್ನೀರು 1819 ಅಡಿ ಮುಟ್ಟಿ ಅಣೆಕಟ್ಟು ತುಂಬಿತೆಂದರೆ ಊರಿಗೆಲ್ಲ ಸಂಭ್ರಮ. ನನ್ನ ಅಜ್ಜಿ ಮಾತ್ರ ಆ ದಿನ ಹೊಳೆಯ ಕಡೆ ಮುಖ ಹಾಕುತ್ತಿರಲಿಲ್ಲ.

ಅಂದಿನಿಂದ ನಮ್ಮ ಬದುಕು ಹಿನ್ನೀರು ದಾಟಿಸುವ ಲಾಂಚಿನ ಗಡಿಯಾರಕ್ಕೆ ಕಟ್ಟಿಕೊಂಡಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬೆಳಗಿನವರೆಗೆ ನಾವು ಈಚೆ, ಲೋಕ ಆಚೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ನೀನು ಹುಟ್ಟುವ ಹದಿನೈದು ದಿನ ಮೊದಲೇ ನಿನ್ನ ಆಯಿಯನ್ನು ಸಾಗರದ ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದೆ. ನೋವು ರಾತ್ರಿಯೇ ಬಂದರೆ ಏನು ಮಾಡುವುದು? ರಾತ್ರಿಯೇ ಬಂತು. ನೀನು ಹುಟ್ಟಿದ ಸುದ್ದಿ ನನಗೆ ಮುಟ್ಟಿದ್ದು ಮರುದಿನ, ಮೊದಲ ಲಾಂಚಿನಲ್ಲಿ ಬಂದ ಹಾಲಿನವನ ಬಾಯಿಂದ.

ಆದ್ದರಿಂದ ಬೆಂಗಳೂರಿನಿಂದ ಬಂದವರು ಬಿಸಿಲು ಕನ್ನಡಕ ಹಣೆಗೇರಿಸಿ, "ಲಾಂಚ್ ಇದ್ದಾಗಲೇ ಚೆನ್ನಾಗಿತ್ತು ಅಲ್ಲವೇ ಅಂಕಲ್" ಎಂದರೆ ನನಗೆ ಮೈ ಉರಿಯುತ್ತದೆ. 2025ರ ಜುಲೈ 14ರಂದು ಸೇತುವೆ ತೆರೆದಾಗ ಸುಮಾರು 2.4 ಕಿಲೋಮೀಟರನ್ನು ನಾನು ನಡೆದೇ ದಾಟಿದೆ, ಮಳೆಯಲ್ಲಿ, ಕೊಡೆ ಬಿಚ್ಚದೆ. ಅದನ್ನು ನೀನು ನಿನ್ನ ವರದಿಯಲ್ಲಿ ಬರೆಯದಿದ್ದರೂ ಚಿಂತೆಯಿಲ್ಲ, ಮರೆಯಬೇಡ.

ಈಗ ನಾನು ನೋಡಿದ್ದು ಕೇಳು. ಹನ್ನೊಂದರ ಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಒಳಗೆ ಹೋದ ವಾಹನಗಳೇ ಒಂದೆರಡು ಗಂಟೆಯಲ್ಲಿ ಹಿಂದಿರುಗಿ ಬರತೊಡಗಿದ್ದವು. ಸಿಗಂದೂರು ದೇವಿಯ ದರ್ಶನ, ಪ್ರಸಾದ, ತಿರುಗಿ ಗಾಡಿ. ಗಾಜು ಇಳಿಸಿದವರೂ ಕಡಿಮೆ. ಹಿಂದೆ ಇದೇ ಜನ ಈ ದಡದಲ್ಲಿ ಲಾಂಚು ಬರುವವರೆಗೆ ಬೇರೆ ದಾರಿಯಿಲ್ಲದೆ ಕೂರುತ್ತಿದ್ದರು. ಬೇಸರಕ್ಕೆ ಚಹಾ ಕುಡಿಯುತ್ತಿದ್ದರು, ಮುರುಗಲ ಹಣ್ಣಿನ ಶರಬತ್ತು ಕೇಳುತ್ತಿದ್ದರು, ನೀರಿನ ನಡುವೆ ತಲೆ ಎತ್ತಿದ ಒಣ ಮರದ ಬೊಡ್ಡೆಗಳನ್ನು ತೋರಿಸಿ ಅದೇನು ಎನ್ನುತ್ತಿದ್ದರು. ಅದು ಕಾಡಾಗಿತ್ತು, ಅದರಾಚೆ ನಮ್ಮ ಗದ್ದೆಯಿತ್ತು ಎಂದು ಯಾರಾದರೂ ಹೇಳುತ್ತಿದ್ದರು. ದಡದ ಅಂಗಡಿಗಳು ನಿಂತಿದ್ದು ಆ ಒಂದು ಗಂಟೆಯ ಮೇಲೆ. ಇಂದು ಇಡೀ ಬೆಳಿಗ್ಗೆ ಆ ಬೊಡ್ಡೆಗಳ ಬಗ್ಗೆ ಕೇಳಿದವನು ಒಬ್ಬನೇ. ಅವನೂ ಪಂಕ್ಚರ್ ಹಾಕಿಸಲು ನಿಂತವನು.

ಹಾಗಾಗಿ ಕೂಸೇ, ನಿನ್ನ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ "ಎಷ್ಟು ವಾಹನ" ಎಂಬುದರ ಪಕ್ಕದಲ್ಲಿ "ಎಷ್ಟು ಹೊತ್ತು" ಎಂಬ ಒಂದು ಕಾಲಮ್ಮನ್ನೂ ಸೇರಿಸು. ಆ ಒಂದು ಗಂಟೆಯನ್ನು, ನಮ್ಮನ್ನು ಮತ್ತೆ ದ್ವೀಪ ಮಾಡದೆ, ಹೇಗೆ ಹಿಂದಕ್ಕೆ ತರುವುದು ಎಂದು ನಿನ್ನ ಮೇಷ್ಟ್ರುಗಳನ್ನು ಕೇಳು. ವ್ಯೂ ಪಾಯಿಂಟ್ ಕಟ್ಟಿ ಎಂದು ಬರೆದು ಕೈ ತೊಳೆದುಕೊಂಡರೆ ನಾನು ಓದುವುದಿಲ್ಲ.

ಇನ್ನೊಂದು ಮಾತು. ನಿನ್ನ ವಿಭಾಗದ ಹೆಸರಿನಲ್ಲೇ ಉದ್ಯಾನ ಎಂಬ ಪದವಿದೆ. ನಿನ್ನ ಪುಸ್ತಕದಲ್ಲಿ ರಾಷ್ಟ್ರೀಯ ಉದ್ಯಾನದ ಕಥೆ 1872ರ ಯೆಲ್ಲೋಸ್ಟೋನ್‌ನಿಂದ ಶುರುವಾಗುತ್ತದೆ. ನಮ್ಮ ಶರಾವತಿ ಕಣಿವೆ ಅಭಯಾರಣ್ಯವಾದದ್ದು 1972ರಲ್ಲಿ. 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ ಅದು ಇನ್ನಷ್ಟು ಹಿಗ್ಗಿತು. ಸಿಂಗಳೀಕ ಉಳಿಯಲಿ, ನನಗೂ ಅದರ ಮೇಲೆ ಪ್ರೀತಿಯೇ. ಆದರೆ ಒಮ್ಮೆ ಮುಳುಗಿ ಎದ್ದ ಊರಿನವರ ಕಿವಿಗೆ ಸರ್ಕಾರದ ಯಾವ ಗಡಿಯೂ ನೋಟಿಸಿನ ಹಾಗೆಯೇ ಕೇಳಿಸುತ್ತದೆ. ಇಲ್ಲಿಗೆ ನಿನ್ನ ಗೆಳತಿಯರನ್ನು ಸಮೀಕ್ಷೆಗೆ ಕರೆತಂದಾಗ ಮೊದಲು ಅಡಿಕೆ ಕೊಳೆರೋಗದ ವಿಷಯ ಮಾತಾಡಿಸಲಿ, ಕಾಗದ ಆಮೇಲೆ ತೆಗೆಯಲಿ.

ಲೆಕ್ಕದ ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ಎರಡನೆಯ ಪುಟದ ಮೇಲಿರುವುದು ಚಹಾ, ಅದನ್ನು ಬಸ್ಸೆಂದು ಎಣಿಸಬೇಡ. ಆಯಿ ಅಪ್ಪೆಮಿಡಿಯ ಭರಣಿ ತೆಗೆದಿಟ್ಟಿದ್ದಾಳೆ. ದೀಪಾವಳಿಗೆ ಹೊರಡುವಾಗ ಲಾಂಚಿನ ಹೊತ್ತು ನೋಡಿ ಬಸ್ಸು ಹಿಡಿಯುವ ಹಳೆಯ ಅಭ್ಯಾಸ ಬಿಡು. ರಾತ್ರಿ ಹನ್ನೊಂದಾದರೂ ಸರಿ, ಸೇತುವೆಯಾಚೆ ಅಂಬಾರಗೋಡ್ಲಿನ ಬದಿಗೆ ಬೈಕ್ ತಂದು ನಿಂತಿರುತ್ತೇನೆ.

ಇಂತಿ,
ನಿನ್ನ ಅಪ್ಪಯ್ಯ