ನಮ್ಮ ಯೂನಿಟ್‌ನ 34 ಮಂದಿಗೆ

ಮೊನ್ನೆ ಶನಿವಾರ ಸಂಜೆ ಕೂಲಿ ಬಟವಾಡೆ ಮುಗಿಸಿ ಪುಸ್ತಕ ತೆಗೆದು ನೋಡಿದೆ. ನಿಮಗೆ ಕೊಡಬೇಕಿದ್ದ ಕೂಲಿಗೆ 'ಹಳೇ ಬಾಕಿ' ಅಂತ ಗೆರೆ ಹಾಕಿದ್ದ ಕಡೆ ಒಂದು ಹೆಸರೂ ಉಳಿದಿರಲಿಲ್ಲ. ಜನವರಿಯಿಂದ ಈ ಆಗಸ್ಟ್‌ವರೆಗೆ ಆ ಪುಟವನ್ನು ನೆನೆಯದೆ ಮಲಗಿದ ರಾತ್ರಿ ಇಲ್ಲ. ನಿಮಗೆಲ್ಲ ಎದುರಿಗೇ ಕೈ ಮುಗಿದಿದ್ದೇನೆ, ನಿಜ. ಆದರೂ ಬರೆಯಬೇಕು ಅನ್ನಿಸಿತು. ಬಳ್ಳಾರಿಯಲ್ಲಿ ನನ್ನ ಹಾಗೆ ಸಣ್ಣ ಜೀನ್ಸ್ ಯೂನಿಟ್ ನಡೆಸುವವರು ತುಂಬ ಜನ ಇದ್ದಾರೆ. ಅವರೂ ಓದಲಿ.

ನಡೆದದ್ದು ಇಷ್ಟು. ಕಳೆದ ದೀಪಾವಳಿಗೆ ಮುಂಚೆ ಬೇರೆ ಊರಿನ ವ್ಯಾಪಾರಿಯೊಬ್ಬರಿಗೆ ದೊಡ್ಡ ಲಾಟು ಹೊಲಿದು ಕಳಿಸಿದೆವು. ಬಟ್ಟೆ, ಕಟಿಂಗ್, ಹೊಲಿಗೆ, ವಾಷಿಂಗ್, ಪ್ಯಾಕಿಂಗ್ ಎಲ್ಲದಕ್ಕೂ ನಾವೇ ದುಡ್ಡು ಹಾಕಿದ್ದೆವು. ಹಬ್ಬ ಮುಗಿದ ಕೂಡಲೇ ಕೊಡುತ್ತೇವೆ ಅಂದಿದ್ದರು. ಹಬ್ಬ ಹೋಯಿತು, ಸಂಕ್ರಾಂತಿಯೂ ಹೋಯಿತು. ಫೋನ್ ಎತ್ತುವುದನ್ನೇ ಬಿಟ್ಟರು. ಇತ್ತ ಬಟ್ಟೆಯವರ ಸಾಲ, ವಾಷಿಂಗ್‌ನವರ ಬಿಲ್ಲು, ಶೆಡ್ ಬಾಡಿಗೆ ಎಲ್ಲ ಒಟ್ಟಿಗೆ ಬಂದು ಕೂತವು.

ನಾನು ಯಾರಿಗೂ ಹೇಳಲಿಲ್ಲ. ಒಡವೆ ಅಡ ಇಟ್ಟು ಮೂರು ವಾರ ಬಟವಾಡೆ ಮಾಡಿದೆ. ನಿಮಗ್ಯಾಕೆ ಚಿಂತೆ ಅನ್ನುವುದು ನನ್ನ ಯೋಚನೆ. ಬಾಯಿ ಮುಚ್ಚಿಕೊಂಡೆ, ಆದರೆ ಸಿಟ್ಟು ಮುಚ್ಚಿಡಲು ಆಗಲಿಲ್ಲ. ಪ್ಯಾಂಟಿಗೆ ಬೆಲ್ಟ್ ತೂರಿಸುವ ಲೂಪ್ ಸೊಟ್ಟ ಬಂತು ಅಂತ ಒಬ್ಬ ಹುಡುಗಿಯನ್ನು ಎಲ್ಲರೆದುರು ಬೈದೆ. ಅವಳು ಮೂರು ದಿನ ಕೆಲಸಕ್ಕೆ ಬರಲಿಲ್ಲ. ಯೂನಿಟ್ ಮುಚ್ಚುತ್ತಾರಂತೆ ಅನ್ನುವ ಮಾತು ಅಷ್ಟರಲ್ಲಿ ಮೂಲೆಯ ಟೀ ಅಂಗಡಿ ತನಕ ಹೋಗಿತ್ತು. ಇಬ್ಬರು ಟೇಲರ್‌ಗಳು ಬೇರೆ ಕಡೆ ಕೆಲಸ ಕೇಳಿಕೊಂಡೂ ಬಂದಿದ್ದರು. ಅವರದು ತಪ್ಪಲ್ಲ. ನಾನು ಹೇಳದಿದ್ದಾಗ ಅವರು ತಾನೇ ಏನು ತಿಳಿಯಬೇಕು?

ಆಗ ನನ್ನ ಮುಂದೆ ಬಂದು ನಿಂತವರು ನಮ್ಮ ಕಟಿಂಗ್ ಮಾಸ್ಟರ್. ನನ್ನ ಅಪ್ಪನ ವಯಸ್ಸಿನವರು. "ಅಮ್ಮಾ, ನಾವೆಲ್ಲ ಒಂದೇ ಮನಿಯೋರು ಅಂತೀರಿ. ಮನಿ ಲೆಕ್ಕ ಮಾತ್ರ ನಮಗ ಹೇಳಂಗಿಲ್ಲ" ಅಂದರು. ಅಷ್ಟೇ ಅಂದು ಕತ್ತರಿ ಹಿಡಿದು ಟೇಬಲ್ಲಿಗೆ ಹೋದರು. ಮಾಸ್ಟರ್, ಆ ಮಾತು ಆಡದೇ ಇದ್ದಿದ್ದರೆ ಇವತ್ತು ಈ ಯೂನಿಟ್ ಇರುತ್ತಿರಲಿಲ್ಲ.

ಆ ಶನಿವಾರ ಮಷಿನ್ ಎಲ್ಲ ನಿಲ್ಲಿಸಿದೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ಎಲ್ಲರೂ ನೆಲದ ಮೇಲೆ ಕೂತೆವು. ಬರಬೇಕಾದ್ದು ಎಷ್ಟು, ಕೊಡಬೇಕಾದ್ದು ಎಷ್ಟು, ಕೈಯಲ್ಲಿ ಇರುವುದು ಎಷ್ಟು ಅಂತ ಪುಸ್ತಕ ನೋಡಿ ಓದಿದೆ. ಓದುವಾಗ ಕೈ ನಡುಗುತ್ತಿತ್ತು. ದುಡಿದವರ ಕೂಲಿ ತಡ ಮಾಡುವುದು ತಪ್ಪು, ಅದು ನನಗೆ ಗೊತ್ತು, ಹೋಗುವವರನ್ನು ತಡೆಯಲ್ಲ, ಅವರ ಬಾಕಿ ಮೊದಲು ಕೊಡುತ್ತೇನೆ ಅಂದೆ.

ಬೆಲ್ಟ್ ಮಷಿನ್ ಅಕ್ಕ, ನೀವು ಎದ್ದು ನನ್ನ ಕೈಯಿಂದ ಪೆನ್ನು ಇಸಿದುಕೊಂಡಿರಿ. ನಾನಾಗಿದ್ದರೆ ಎಲ್ಲರಿಗೂ ಸಮ ಅಂತ ಅರ್ಧರ್ಧ ಕೊಡುತ್ತಿದ್ದೆ. ನೀವು ಹಾಗೆ ಮಾಡಲಿಲ್ಲ. ಯಾರ ಮನೆ ಬಾಡಿಗೆದು, ಯಾರ ಮನೆಯಲ್ಲಿ ಇನ್ನೊಬ್ಬರು ದುಡಿಯುತ್ತಾರೆ, ಯಾರಿಗೆ ಔಷಧಿ ಖರ್ಚಿದೆ ಅಂತ ಕೇಳುತ್ತಾ ಹೋದಿರಿ. ಅದೂ ಎಲ್ಲರೆದುರು ಅಲ್ಲ. "ಕೆಲವು ಮಾತು ನಾಕು ಮಂದಿ ಮುಂದ ಹೇಳಾಕ ಆಗಲ್ಲ ಅಕ್ಕಾ" ಅಂತ ಹೇಳಿ ಪ್ಯಾಕಿಂಗ್ ರೂಮಿನಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದಿರಿ. ಹನ್ನೊಂದು ಜನ ಸದ್ಯಕ್ಕೆ ಅರ್ಧ ಕೂಲಿಗೆ ಒಪ್ಪಿದರು. ಉಳಿದವರಿಗೆ ವಾರ ವಾರ ಪೂರ್ತಿ. ಇಸ್ತ್ರಿ ಮಾಡುವ ಅಣ್ಣತಮ್ಮಂದಿರು ಇಬ್ಬರೂ ಆ ಹನ್ನೊಂದರಲ್ಲಿದ್ದರು. ಅಷ್ಟು ವರ್ಷ ಸಂಬಳ ಕೊಟ್ಟರೂ ನಿಮ್ಮ ಮನೆಗಳ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತಿತ್ತು ಅನ್ನುವುದು ಆ ದಿನ ತಿಳಿಯಿತು.

ನೀವು ತಿರುಗಿ ಕೇಳಿದ್ದು ಎರಡೇ. ತಪ್ಪಾದರೆ ಪಕ್ಕಕ್ಕೆ ಕರೆದು ಹೇಳಿ ಅಂದಿರಿ. ಇನ್ನೊಂದು, ಬೇಸಿಗೆಯಲ್ಲಿ ಕೆಲಸದ ಹೊತ್ತು ಬದಲಿಸಿ ಅಂದಿರಿ. ನಮ್ಮ ಊರಿನ ಬಿಸಿಲು, ಮೇಲೆ ತಗಡಿನ ಶೀಟು. ಮಧ್ಯಾಹ್ನ ಮೂರು ಗಂಟೆಗೆ ಆ ಶೆಡ್‌ನಲ್ಲಿ ಡೆನಿಮ್ ಹಿಡಿದು ಕೂರುವುದು ಎಂಥ ಕಷ್ಟ ಅಂತ ಕೂತವರಿಗೇ ಗೊತ್ತು. ಮಾರ್ಚ್‌ನಿಂದ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಕುರುಗೋಡು ಕಡೆಯಿಂದ ಬರುವವರಿಗೂ ಇದು ಒಳ್ಳೆಯದಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ಸರಿ. ಆದರೆ ಕತ್ತಲಾದ ಮೇಲೆ ಬಸ್ ಕಾಯುವ ಭಯ ಹಾಗೇ ಇತ್ತಲ್ವಾ? ಹೊತ್ತು ಬದಲಿಸಿದ ಮೇಲೆ ರಿಪೇರಿಗೆ ವಾಪಸ್ ಬರುವ ಪೀಸುಗಳೂ ಕಡಿಮೆಯಾದವು.

ಲೆಕ್ಕ ಬರೆಯುವ ನಮ್ಮ ಹುಡುಗಿಗೆ ಬೇರೆಯದೇ ಧನ್ಯವಾದ ಹೇಳಬೇಕು. ಫೆಬ್ರವರಿಯಲ್ಲಿ ದುಡ್ಡು ಸಾಲದೆ, ಈ ತಿಂಗಳ ಇಎಸ್‌ಐ (ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ) ಕಟ್ಟುವುದು ಬಿಡೋಣ, ಆಮೇಲೆ ನೋಡೋಣ ಅಂದೆ. ಅವಳು ಒಪ್ಪಲಿಲ್ಲ. ಇಎಸ್‌ಐಗೆ ಕೂಲಿಯಲ್ಲಿ ನೂರಕ್ಕೆ 75 ಪೈಸೆ ಕೆಲಸಗಾರರದು, 3 ರೂಪಾಯಿ 25 ಪೈಸೆ ನಮ್ಮದು. ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. "ಅವರ ಕೂಲಿಯಿಂದ ಹಿಡಿದ ದುಡ್ಡು ನಮ್ಮದಲ್ಲ ಮೇಡಂ" ಅಂದಳು. ನನಗೆ ನಾಚಿಕೆಯಾಯಿತು. ಕಟ್ಟಿದೆವು.

ಜುಲೈನಲ್ಲಿ ನಮ್ಮ ಓವರ್‌ಲಾಕ್ ಮಷಿನ್ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಇಎಸ್‌ಐ ಕಾರ್ಡಿನ ಮೇಲೆಯೇ ಆಯಿತು. ಮನೆಯಲ್ಲಿ ಮಲಗಿದ್ದಷ್ಟು ದಿನ ಕೂಲಿಯ ನೂರಕ್ಕೆ 70ರಷ್ಟು ಅವರ ಖಾತೆಗೆ ಬಂತು. ವರ್ಷಕ್ಕೆ 91 ದಿನದ ತನಕ ಹೀಗೆ ಸಿಗುತ್ತದೆ. ಜುಲೈನಿಂದ ಡಿಸೆಂಬರ್‌ವರೆಗೆ ಅದು ಸಿಗಬೇಕಾದರೆ ಅದಕ್ಕೂ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕನಿಷ್ಠ 78 ದಿನಕ್ಕೆ ಇಎಸ್‌ಐ ಕಟ್ಟಿದ ಲೆಕ್ಕ ಇರಬೇಕು. ಆ ಆರು ತಿಂಗಳಲ್ಲೇ ನಾನು ಬಿಡೋಣ ಅಂದಿದ್ದು. ಬಿಟ್ಟಿದ್ದರೆ ಆ ಅಕ್ಕ ಹೊಲಿಗೆ ಬಿಚ್ಚುವ ಮುಂಚೆ ಕಚೇರಿಗೆ ಅಲೆಯಬೇಕಾಗುತ್ತಿತ್ತೋ ಏನೋ. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಸಣ್ಣ ಯೂನಿಟ್ ನಡೆಸುವ ಅಣ್ಣ ಅಕ್ಕಂದಿರೇ, ಎಷ್ಟೇ ಕಷ್ಟ ಬಂದರೂ ಆ ಚಲನ್ ಒಂದನ್ನು ಮುಂದಕ್ಕೆ ಹಾಕಬೇಡಿ.

ಇನ್ನು ಆ ವ್ಯಾಪಾರಿಯಿಂದ ಬಾಕಿ ಬಂದದ್ದು ಹೇಗೆ ಅಂತ ತುಂಬ ಜನ ಕೇಳಿದ್ದಾರೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಅಲ್ಲಿಯ ಸಿಬ್ಬಂದಿ ಒಬ್ಬರು ಕೂರಿಸಿಕೊಂಡು ಹೇಳಿಕೊಟ್ಟರು. ನಮ್ಮಂಥ ಸಣ್ಣ ಘಟಕದ ಮಾಲು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಲ್ಲೇ ಇದೆ. ತಡವಾದರೆ ಬಡ್ಡಿಯೂ ಸೇರುತ್ತದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಇದ್ದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಹಾಕಿದೆವು. ನೋಟಿಸು ಹೋದ ಮೇಲೆ ಅವರೇ ಫೋನ್ ಮಾಡಿದರು. ಮೂರು ಕಂತಿನಲ್ಲಿ ಅಸಲು ಬಂತು. ಆ ಸಿಬ್ಬಂದಿಗೆ, ಬಟ್ಟೆಗೆ ಸಾಲದ ಗಡುವು ಮುಂದೂಡಿದ ಅಂಗಡಿಯವರಿಗೆ, ಜನವರಿಯಲ್ಲಿ ಸಣ್ಣ ಸಣ್ಣ ಜಾಬ್ ವರ್ಕ್ ಕೊಟ್ಟು ಮಷಿನ್ ನಿಲ್ಲದಂತೆ ನೋಡಿಕೊಂಡ ಅಕ್ಕಪಕ್ಕದ ಯೂನಿಟ್‌ನವರಿಗೆ ನಮಸ್ಕಾರ.

ಲೂಪ್ ಹೊಲಿಯುವ ತಂಗಿ, ನಿನ್ನ ಮನೆಗೆ ಬಂದು ಕ್ಷಮೆ ಕೇಳಿದಾಗ ನಿನ್ನ ತಾಯಿ ಒಳಗೆ ಕರೆದು ಚಹಾ ಕೊಟ್ಟರು. ನೀನು ಮಾರನೇ ದಿನ ಏಳಕ್ಕೆ ಐದು ನಿಮಿಷ ಇದ್ದಾಗಲೇ ಬಂದು ಮಷಿನ್ ಒರೆಸುತ್ತಿದ್ದೆ. ಅದನ್ನು ನಾನು ಮರೆಯಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಎಲ್ಲರಿಗೂ ಯೂನಿಟ್‌ನಲ್ಲೇ ಊಟ. ಮಕ್ಕಳನ್ನು ಕರೆದುಕೊಂಡು ಬನ್ನಿ. ಊಟ ಆದ ಮೇಲೆ ಎಂದಿನಂತೆ ಪುಸ್ತಕ ಓದುತ್ತೇನೆ. ಈ ತಿಂಗಳು ಬರಬೇಕಾದ್ದು, ಕೊಡಬೇಕಾದ್ದು, ಎಲ್ಲ.