ಗೆಳೆಯನಿಗೊಂದು ಪತ್ರ: ಆಮದು ಸರಕಲ್ಲ, ನಂಜನಗೂಡಿನದೇ ಪ್ರಶ್ನೆ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಗೆಳೆಯ,

ಮಂಡ್ಯದ ಗೋಷ್ಠಿ ಮುಗಿದ ಸಂಜೆ ನನ್ನನ್ನು ರೈಲು ಹತ್ತಿಸಲು ಬಂದಾಗ ನೀನು ಆಡಿದ ಮಾತು ಪಾಂಡವಪುರ ದಾಟಿದರೂ ಕಿವಿ ಬಿಟ್ಟು ಹೋಗಲಿಲ್ಲ. "ವಸಾಹತೋತ್ತರ ಸ್ತ್ರೀವಾದಿ ವಿಮರ್ಶೆ ಎನ್ನುವುದು ಆಮದು ಸರಕು. ನಮ್ಮ ಕಾವ್ಯವನ್ನು ಓದಲು ನಮಗೆ ಅದೇಕೆ ಬೇಕು?" ಎಂದು ಕೇಳಿದೆ. ವಸಾಹತು ಆಳ್ವಿಕೆ ಮತ್ತು ಗಂಡಾಳಿಕೆ ಎರಡರ ಗುರುತನ್ನೂ ಒಟ್ಟಿಗೆ ಹುಡುಕುತ್ತ ಕೃತಿಯನ್ನು ಓದುವ ಬಗೆ ಅದು. ಉತ್ತರ ಹೇಳುವಷ್ಟರಲ್ಲಿ ಗಾಡಿ ಬಂತು. ಇದೇ ಪ್ರಶ್ನೆ ನನ್ನ ತರಗತಿಯಲ್ಲೂ ಏಳುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಇಲ್ಲಿಂದ ಇಪ್ಪತ್ತೈದು ಕಿಲೋಮೀಟರಿನೊಳಗಿರುವ ನಂಜನಗೂಡಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರು ನಾಗರತ್ನಮ್ಮ 1878ರಲ್ಲಿ ಹುಟ್ಟಿದ ಊರು ಅದು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ ಗಾಯಕಿ ಎಂದು ನೀನೂ ಬಲ್ಲೆ. ಆದರೆ ನನ್ನ ಮಟ್ಟಿಗೆ ಅವರು ಮೊದಲು ವಿಮರ್ಶಕಿ. ತಂಜಾವೂರಿನ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯ ಬರೆದಳು. ತಾನು ಸಾಕಿದ ಇಳಾದೇವಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟ ರಾಧೆ ಆಮೇಲೆ ವಿರಹದಲ್ಲಿ ಬೇಯುತ್ತಾಳೆ, ಸಿಟ್ಟಾಗುತ್ತಾಳೆ. ಅವಳನ್ನು ರಮಿಸಿ ಸಮಾಧಾನಪಡಿಸುವ ಪಾಡು ಕೃಷ್ಣನದು. ಬಯಸುವವಳು ಹೆಣ್ಣು, ಕಾಡಿ ಬೇಡುವವನು ದೇವರು. ಆ ಕಾವ್ಯದ ಹಿಂದಿನ ಅಚ್ಚು ನಾಗರತ್ನಮ್ಮನವರ ಕೈಗೆ ಬಂದಾಗ ಕೆಲವು ಪದ್ಯಗಳು ಮಾಯವಾಗಿದ್ದವು. ಅದಕ್ಕಿಂತ ನನ್ನನ್ನು ಚುಚ್ಚುವುದು ಮತ್ತೊಂದು: ಕವಯಿತ್ರಿ ತನ್ನ ಮನೆತನವನ್ನು, ಅಜ್ಜಿಯನ್ನು ನೆನೆಯುವ ಪೀಠಿಕೆಯೂ ಅಲ್ಲಿರಲಿಲ್ಲ. ಶೃಂಗಾರಕ್ಕೆ ಕತ್ತರಿ ಹಾಕಿದ್ದಕ್ಕೆ ಏನೋ ಒಂದು ಕಾರಣ ಹೇಳಬಹುದು. ಅಜ್ಜಿಯ ಹೆಸರಿನಲ್ಲಿ ಯಾವ ಅಶ್ಲೀಲವಿತ್ತು?

ಹಸ್ತಪ್ರತಿ ಹುಡುಕಿ, ಬಿಟ್ಟಿದ್ದನ್ನೆಲ್ಲ ಸೇರಿಸಿ 1910ರಲ್ಲಿ ಅವರು ಅದನ್ನು ಪ್ರಕಟಿಸಿದರು. ವಿಧವಾ ವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಈ ಕಾವ್ಯ ಹೆಂಗಸರ ಕಿವಿಗೆ ಬೀಳಬಾರದ್ದು ಎಂದಿದ್ದರು. ಮರ್ಯಾದೆಯ ಮಾತು ಹೆಂಗಸರಿಗೆ ಮಾತ್ರವೇ, ಗಂಡಸರ ಕಾವ್ಯಗಳಿಗಿಲ್ಲವೇ ಎಂಬುದು ನಾಗರತ್ನಮ್ಮನವರ ತಿರುಗೇಟು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಅದು ತೆರವಾಗಲು 1940ರ ದಶಕ ಬರಬೇಕಾಯಿತು.

ಈಗ ಹೇಳು, ಇದನ್ನು ಯಾವ ಒಂದೇ ಕಣ್ಣಿನಿಂದ ಓದುತ್ತೀಯ? ವಸಾಹತುಶಾಹಿಯೊಂದನ್ನೇ ದೂರಿದರೆ ನಮ್ಮ ಸುಧಾರಕರು ತಪ್ಪಿಸಿಕೊಳ್ಳುತ್ತಾರೆ. ಗಂಡಾಳಿಕೆಯೊಂದನ್ನೇ ದೂರಿದರೆ ಇಂಗ್ಲಿಷ್ ಕಾನೂನು, ಇಂಗ್ಲಿಷರಿಂದ ಎರವಲು ತಂದ ಸಭ್ಯತೆ ತಪ್ಪಿಸಿಕೊಳ್ಳುತ್ತವೆ. ಇಬ್ಬರೂ ಸೇರಿ ಒಬ್ಬ ಕವಯಿತ್ರಿಯ ಬಾಯಿ ಮುಚ್ಚಿಸಿದರು. ಆ ಕೂಡಿಕೆಯನ್ನು ಕಾಣುವುದಕ್ಕೇ ಈ ವಿಮರ್ಶೆ. ಸೂಸಿ ತಾರು ಮತ್ತು ಕೆ. ಲಲಿತಾ 1991ರಲ್ಲಿ ಭಾರತೀಯ ಲೇಖಕಿಯರ ಸಂಪುಟ ಹೊರತಂದಾಗ ಮುದ್ದುಪಳನಿಯ ಈ ಕಥೆಗೆ ಪ್ರಸ್ತಾವನೆಯಲ್ಲೇ ಜಾಗ ಕೊಟ್ಟದ್ದು ಸುಮ್ಮನಲ್ಲ.

ಪಶ್ಚಿಮದ ಸ್ತ್ರೀವಾದವನ್ನು ನಾವು ಕಣ್ಣುಮುಚ್ಚಿ ಒಪ್ಪುತ್ತೇವೆ ಎಂದೂ ನೀನು ಅಂದೆ. ಅದನ್ನು ಮೊದಲು ಜಗ್ಗಾಡಿದವರೇ ಈ ಬಗೆಯ ವಿಮರ್ಶಕಿಯರು. ಪಶ್ಚಿಮದ ವಿಮರ್ಶಕಿಯರು 'ಜೇನ್ ಐರ್' ಎಂಬ ಇಂಗ್ಲಿಷ್ ಕಾದಂಬರಿಯ ನಾಯಕಿಯನ್ನು ಸ್ವತಂತ್ರ ಹೆಣ್ಣೆಂದು ಕೊಂಡಾಡುತ್ತಿದ್ದಾಗ, ಅವಳ ಬಾಳು ಹಸನಾಗಲು ನಾಯಕನ ಮೊದಲ ಹೆಂಡತಿ, ಜಮೈಕಾದಿಂದ ಬಂದ ಬರ್ತಾ ಎಂಬವಳು ಹುಚ್ಚಿಯಾಗಿ ಬೆಂಕಿಯಲ್ಲಿ ಸಾಯಬೇಕಾಯಿತಲ್ಲ ಎಂದು 1985ರಲ್ಲಿ ತೋರಿಸಿದವರು ಕಲ್ಕತ್ತೆಯಲ್ಲಿ ಹುಟ್ಟಿದ ವಿಮರ್ಶಕಿ ಗಾಯತ್ರಿ ಸ್ಪಿವಾಕ್. 'ಮೂರನೇ ಜಗತ್ತಿನ ಹೆಣ್ಣು' ಎಂದು ನಮ್ಮನ್ನೆಲ್ಲ ಒಂದೇ ಮೂಟೆಗೆ ಕಟ್ಟಬೇಡಿ ಎಂದವರು ಭಾರತದಲ್ಲೇ ಹುಟ್ಟಿದ ಇನ್ನೊಬ್ಬ ಸ್ತ್ರೀವಾದಿ ಚಿಂತಕಿ ಚಂದ್ರಾ ತಲ್ಪಡೆ ಮೊಹಾಂತಿ.

ನಮ್ಮಲ್ಲೂ ಮೂಟೆ ಕಟ್ಟುವವರಿದ್ದೇವೆ, ಗೆಳೆಯ. ಮುದ್ದುಪಳನಿ, ನಾಗರತ್ನಮ್ಮ ಇಬ್ಬರೂ ದೇವದಾಸಿ ಮನೆತನದವರು. ನಾಗರತ್ನಮ್ಮನವರ ಪುಸ್ತಕ ಬರುವ ಹಿಂದಿನ ವರ್ಷ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದನ್ನು ಸುಧಾರಣೆ ಎಂದು ಪಾಠ ಹೇಳಿ ಮುಂದೆ ಹೋಗುತ್ತೇವೆ. ಆ ಪದ್ಧತಿ ಉಳಿಯಬೇಕಿತ್ತೆಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಹಾಡು, ಕುಣಿತ, ಓದು ಬಲ್ಲ ಆ ಹೆಂಗಸರು ಏನು ಹೇಳಿದರು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಯಾವ ಜಾತಿಯ, ಯಾವ ಕಸುಬಿನ ಹೆಣ್ಣು ಎಂದು ಕೇಳದ ಸ್ತ್ರೀವಾದ ನನಗೂ ಬೇಡ.

ಇದನ್ನು ನನಗೆ ಕಲಿಸಿದವಳು ಮಳವಳ್ಳಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವನ್ನು ಪಾಠ ಮಾಡುತ್ತಿದ್ದೆ. "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಎಂಬ ಸಾಲನ್ನು ಎಂದಿನಂತೆ ಏರುದನಿಯಲ್ಲಿ ಓದಿದೆ. ಅವಳು ಎದ್ದು ನಿಂತು, "ಮೇಡಂ, ಸಂಚಿ ಹಿಡಿಯುವ ಚಾಕರಿಯೇ ಅವಳ ಹೆಸರಿಗೆ ಅಂಟಿಕೊಂಡಿದೆ. ಅದೇ ಆಸ್ಥಾನದ ಕವಿ ತಿರುಮಲಾರ್ಯ ಮಂತ್ರಿಯಾಗಿದ್ದರೂ ಅವನು ಬರೀ ತಿರುಮಲಾರ್ಯ. ಇದೇಕೆ ಹೀಗೆ?" ಎಂದಳು. ಎಲೆ ಅಡಿಕೆಯ ಸಂಚಿ ಹಿಡಿದು ನಿಂತವಳು, ಗಂಡನ ಸೇವೆಯನ್ನು ಧರ್ಮವೆಂದು ಸಾರುವ ಕಾವ್ಯವನ್ನು ಅರಮನೆಗಾಗಿ ಬರೆದಳು. ಅದರ ನಡುವೆಯೇ ಹೆಣ್ಣನ್ನು ಹೀಗಳೆಯುವವರನ್ನು ಕಣ್ಣು ಕಾಣದ ಗಾವಿಲರು, ಅಂದರೆ ದಡ್ಡರು, ಎಂದಳು. ಆ ಒಂದೆರಡು ಸಾಲುಗಳನ್ನು ಮಾತ್ರ ಕಿತ್ತು ಮಹಿಳಾ ದಿನಕ್ಕೆ ಹಾಡುತ್ತ ಬಂದ ನಾನು ಅವಳ ಉಳಿದ ಕಾವ್ಯವನ್ನು ಓದಿಯೇ ಇರಲಿಲ್ಲ ಎನಿಸಿತು. ವಿಧೇಯತೆ ಮತ್ತು ಸಿಟ್ಟು ಸಾಂಗತ್ಯ ಛಂದಸ್ಸಿನ ಆ ಒಂದೇ ಕಾವ್ಯದಲ್ಲಿ ಹೇಗೆ ಕೂತವು, ಯಾರ ಕಿವಿಗಾಗಿ ಯಾವ ಸಾಲು? ಇದನ್ನು ಕೇಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಮುಂದಿನ ಭಾನುವಾರ ಬಾ. ಮನೆಯಲ್ಲಿ ಕೂತು ಹೊನ್ನಮ್ಮನನ್ನು ಮೊದಲ ಪದ್ಯದಿಂದ ಓದೋಣ. ಬರುವಾಗ ನಿನ್ನ ಪ್ರತಿಯನ್ನು ತಪ್ಪದೆ ತಾ. ನನ್ನದನ್ನು ಆ ಹುಡುಗಿ ಒಯ್ದಿದ್ದಾಳೆ.

ನಿನ್ನ ಗೆಳತಿ