ಸ್ಲೇಟು ಇನ್ನೂ ಅಟ್ಟದ ಮೇಲೇ ಇರಲಿ

ಬೇಲೂರು

ಪ್ರೀತಿಯ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಓದಿ ಹೇಳಿದ ವೇಳಾಪಟ್ಟಿ ಅಂದಿನಿಂದ ನನ್ನ ತಲೆಯಲ್ಲೇ ಕೂತಿದೆ. ಒಂಬತ್ತಕ್ಕೆ ಅಕ್ಷರ, ಒಂಬತ್ತೂವರೆಗೆ ಅಂಕಿ, ಹತ್ತಕ್ಕೆ ಬಣ್ಣ. ಪುಟ್ಟನಿಗೆ ಇನ್ನೂ ಎರಡೂವರೆ ವರ್ಷ. ಪಕ್ಕದ ತೋಟದ ಮಗು ಮೂಡಿಗೆರೆಗೆ ವ್ಯಾನಿನಲ್ಲಿ ನರ್ಸರಿಗೆ ಹೋಗುವುದನ್ನು ಕಂಡು ನಿನಗಾದ ಕಳವಳ ನನಗೆ ಅರ್ಥವಾಗುತ್ತದೆ. ಅವನನ್ನು ಮನೆಯಲ್ಲೇ ಇಟ್ಟುಕೊಂಡು ನೀನೇ ಕಲಿಸುತ್ತೇನೆ ಎಂದದ್ದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಮನೆಯೊಳಗೆ ಗಂಟೆ ಹೊಡೆಯುವ ಶಾಲೆಯನ್ನು ತಂದು ಕೂರಿಸಬೇಡ.

ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದವಳು ನಾನು. ಕೆಲಸಕ್ಕೆ ಸೇರುವ ಮೊದಲು ನನ್ನ ಹಿರಿಮಗನಿಗೆ ಮೂರು ತುಂಬುವಷ್ಟರಲ್ಲಿ ಕೈ ಹಿಡಿದು ಸ್ಲೇಟಿನ ಮೇಲೆ 'ಅ' ತಿದ್ದಿಸಿದೆ. ಆಮೇಲಾಮೇಲೆ ಬಳಪ ಕಂಡರೆ ಅವನು ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದ. ಅವನ ಬೆರಳು ಇನ್ನೂ ಬಲಿತಿರಲಿಲ್ಲ, ನನಗೆ ಕಾಯುವ ತಾಳ್ಮೆ ಇರಲಿಲ್ಲ. ಇಂದಿಗೂ ಅದು ನನ್ನನ್ನು ನೋಯಿಸುತ್ತದೆ.

ಬರವಣಿಗೆ ಶುರುವಾಗುವುದು ಭುಜದಿಂದ. ಭುಜ ಗಟ್ಟಿಯಾದ ಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಆದ್ದರಿಂದ ಮೊದಲು ಅರ್ಧ ಚೊಂಬು ನೀರನ್ನು ಅಡುಗೆಮನೆಯಿಂದ ಜಗಲಿಗೆ ಹೊತ್ತು ತರಲಿ, ಒದ್ದೆ ಬಟ್ಟೆಯಿಂದ ನೆಲ ಒರೆಸಲಿ, ಖಾಲಿ ಬುಟ್ಟಿಯನ್ನು ಅಂಗಳದ ತುಂಬ ನೂಕಲಿ. ಲೋಟದಿಂದ ಲೋಟಕ್ಕೆ ನೀರು ಸುರಿಯಲಿ, ಕರವಸ್ತ್ರ ಹಿಂಡಲಿ. ಕಡುಬು ಮಾಡುವ ದಿನ ಅವನಿಗೂ ನಿಂಬೆಹಣ್ಣಿನಷ್ಟು ಹಿಟ್ಟು ಕೊಡು. ಅವನ ಕಡುಬು ಸೊಟ್ಟಗಿದ್ದರೂ ಅದನ್ನೇ ಬೇಯಿಸಿ ಅವನ ತಟ್ಟೆಗೆ ಹಾಕು. ಚಳಿಗಾಲದಲ್ಲಿ ಸೊಗಡವರೆ ಬಂದಾಗ, ನೆನೆಸಿದ ಕಾಳನ್ನು ಹಿತಕಲು ಪಕ್ಕದಲ್ಲಿ ಕೂರಿಸಿಕೋ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಒತ್ತಿ ಸಿಪ್ಪೆಯಿಂದ ಚಿಮ್ಮಿಸುವ ಆ ಹಿಡಿತವೇ ಮುಂದೆ ಪೆನ್ಸಿಲ್ ಹಿಡಿಯುತ್ತದೆ. ನೀನು ತರಿಸಿದ ಅಚ್ಚಿನ ಹಾಳೆಗಳು ಈ ಕೆಲಸ ಮಾಡಲಾರವು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ವಯಸ್ಸಿನವರು ಕೈಗೆ ಸಿಕ್ಕಿದ್ದನ್ನು ಬಾಯಿಗೆ, ಮೂಗಿಗೆ ಹಾಕುತ್ತಾರೆ. ಅವರೆಕಾಳು, ಕಾಫಿ ಬೀಜ, ಮೆಣಸು, ಕಡಲೆಕಾಯಿ ಬೀಜ, ಇವು ಶ್ವಾಸನಾಳಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಕಾಳಿನ ಆಟ ನಿನ್ನ ಕಣ್ಣೆದುರೇ ಆಗಬೇಕು, ಮುಗಿದ ಮೇಲೆ ಕಾಳು ಡಬ್ಬಿಗೆ ಸೇರಬೇಕು. ತುಂಬಿದ ಬಕೆಟ್ಟಿನ ಬಳಿ ಒಂದು ನಿಮಿಷವೂ ಅವನನ್ನು ಒಂಟಿಯಾಗಿ ಬಿಡಬೇಡ.

ಲೆಕ್ಕಕ್ಕೂ ಹಾಳೆ ಬೇಡ. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳು 'ಮೂರು ಚಮಚ ತಾ' ಎಂದರೆ ಮುಷ್ಟಿ ತುಂಬ ತಂದದ್ದನ್ನು ನೋಡಿದ್ದೇನೆ. ಊಟಕ್ಕೆ ತಟ್ಟೆ ಹಾಕುವ ಕೆಲಸ ಅವನದಾಗಲಿ: ಅಜ್ಜನಿಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು. ಒಂದಕ್ಕೆ ಒಂದು ಹೊಂದಿಸುವುದೇ ಎಣಿಕೆಯ ಬುಡ. ಕೆಲಸ ಮಾಡುತ್ತಲೇ ಮಾತನಾಡುತ್ತಿರು, ನಮ್ಮ ಕನ್ನಡದಲ್ಲೇ. 'ಹಲಸಿನೆಲೆ ದಪ್ಪ, ನೆಲ್ಲಿಯೆಲೆ ಸಣ್ಣ' ಎನ್ನು. ಅವನು ಹೇಳಿದ್ದಕ್ಕೆ ಒಂದು ಪದ ಸೇರಿಸಿ ಹಿಂದಿರುಗಿಸು. 'ನಾಯಿ' ಎಂದರೆ 'ಹೌದು, ಒದ್ದೆಯಾದ ನಾಯಿ' ಎನ್ನು. ಉತ್ತರಕ್ಕೆ ಅವಸರಪಡಿಸದೆ ಸ್ವಲ್ಪ ಹೊತ್ತು ಸುಮ್ಮನಿರು, ತೊದಲುವವರಿಗೆ ಪದ ಹುಡುಕಲು ಸಮಯ ಬೇಕು.

ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಊರು ನಿನ್ನದು. ಮೊಬೈಲ್ ಕೈಗೆ ಕೊಡುವುದು ಸುಲಭ ಎನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 2ರಿಂದ 4 ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು, ಓಡಾಟ ಮಾತ್ರ ದಿನಕ್ಕೆ 180 ನಿಮಿಷವಾದರೂ ಇರಬೇಕು. ಮಳೆ ಹೊಳವಾದ ಕೂಡಲೇ ಬೂಟು ತೊಡಿಸಿ ಅಂಗಳಕ್ಕೆ ಇಳಿಸು. ರಕ್ತ ಹೀರುವ ಇಂಬಳಕ್ಕೆ ಹೆದರಿ ಕಟ್ಟಿಹಾಕಬೇಡ, ಒಳಗೆ ಬಂದ ಮೇಲೆ ಬೆರಳಸಂದಿ ನೋಡಿದರಾಯಿತು.

ಹಿಂದೆ ಬೀಳುವ ಭಯ ಬಿಡು. ಕಡ್ಡಾಯ ಶಿಕ್ಷಣದ 2009ರ ಕಾಯ್ದೆ ಅನ್ವಯವಾಗುವುದೇ 6ನೇ ವಯಸ್ಸಿನಿಂದ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಿ ಎನ್ನುತ್ತದೆ. ಮೂರು ತುಂಬಿದ ಮೇಲೆ ಅಂಗನವಾಡಿಗೆ ಕಳುಹಿಸು, ಅವನಿಗೆ ಜೊತೆಗಾರರು ಬೇಕು. ಅಲ್ಲಿಯವರೆಗೆ ತೋಟದ ಕೆಲಸಗಾರರ ಲೈನಿನ ಮನೆಗಳ ಮಕ್ಕಳೊಂದಿಗೆ ಮಣ್ಣಿನಲ್ಲಿ ಕೂರಲಿ. ಅಕ್ಕಪಕ್ಕ ಕೂತು ಬೇರೆ ಬೇರೆ ಆಡಿಕೊಂಡರೆ ಚಿಂತಿಸಬೇಡ, ಈ ವಯಸ್ಸಿನ ಗೆಳೆತನ ಹಾಗೆಯೇ ಇರುತ್ತದೆ.

ನಿನಗೆ ಸುಸ್ತಾದ ದಿನ ಏನೂ ಕಲಿಸಬೇಡ. ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಮಳೆ ನೋಡು.

ಮಳೆ ಕಡಿಮೆಯಾದ ಮೇಲೆ ಇಬ್ಬರೂ ಬೇಲೂರಿಗೆ ಬನ್ನಿ. ಚೆನ್ನಕೇಶವನ ಗುಡಿಯ ಗೋಡೆಯ ತೀರಾ ಕೆಳಗಿನ ಸಾಲಿನಲ್ಲಿ ಆನೆಗಳಿವೆ. ನಾವು ಬಗ್ಗಿ ನೋಡಬೇಕು, ಪುಟ್ಟನಿಗೆ ಕೈಗೆಟಕುವಷ್ಟು ಹತ್ತಿರ. ಸೊಂಡಿಲು ಎತ್ತಿದ ಆನೆ ಎಲ್ಲಿದೆ ಎಂದು ಕೇಳುತ್ತೇನೆ, ಅವನೇ ಹುಡುಕಲಿ.

ನಿನ್ನ
ದೊಡ್ಡಮ್ಮ